ಪದ ಬೇಕಾಗಿದೆ: ಕೆರೆ ಪಕ್ಕದ ‘ಬಫರ್ ಜೋನ್’ (ತುರ್ತು)

ಎಸ್.ಎನ್. ಬರೆದದ್ದು:
ನಮಸ್ಕಾರ. ಬೆಂಗಳೂರಿನ ಹೊರಗಿರುವ ನಮ್ಮೂರ ಕೆರೆ ಹತ್ತಿರ ಬೋರ್ಡು ನಿಲ್ಲಿಸ್ತಿದ್ದೇವೆ. ನಾಳೆ ಸಂಜೆಯೊಳಗೆ ಪೇಂಟರ್ ಕೈಗೆ ಬರಹ ಕೊಡಬೇಕು. ‘ಬಫರ್ ಜೋನ್’ಗೆ (ಕೆರೆ ಎಲ್ಲೆಯಾಚೆ ಕಟ್ಟಡ ಕಟ್ಟಬಾರದ ಜಾಗ) ಏನು ಹಾಕಲಿ? ರಸ್ತೆಬದಿ ಗುಂಡುತೋಪಿಗೆ (ಊರವರ ಮರದ ತೋಪು) ಇಂಗ್ಲಿಷಿನಲ್ಲಿ ‘ಸೀನಿಕ್ ಏರಿಯಾ’ ಅಂತಿದೆ. ನಾನು ‘ಮೀಸಲು ವಲಯ’, ‘ರಮಣೀಯ ಪ್ರದೇಶ’ ಅಂತ ಬರೆದೆ, ಜತೆಯವರು ನಕ್ಕರು.

ಬಿ.ಕೆ.:
ವಲಯ, ರಮಣೀಯ, ಪ್ರದೇಶ. ಇದರಲ್ಲಿ ಕನ್ನಡ ಎಲ್ಲಿದೆ? ಬಫರ್ ಜೋನ್ = ಕಾಪಂಚು (ಕಾಪು+ಅಂಚು). ಸೀನಿಕ್ ಏರಿಯಾ = ನೋಟದೆಡೆ. ಸಂಸ್ಕ್ರುತದ ಹಂಗಿಲ್ಲದೆಯೂ ನಮ್ಮ ಬಾಶೆ ಬದುಕುತ್ತದೆ.

ಹೆಚ್.ವಿ.:
ಕಾ-ಪಂಚು ಅಂತ ಒಡೆದು ಓದಿ ‘ಯಾವ ಪಂಚು’ ಅಂತಾರೆ. ‘ಕೆರೆಯಂಗಳ’ ಇದೆಯಲ್ಲ, ಮುಗೀತು.

ಆರ್.:
ಮುಗಿಯಲಿಲ್ಲ. ಅಂಗಳ ಎಂದರೆ ಕೆರೆಯ ಒಳಗಿನ ಜಾಗ. ನೀರಿಳಿದಾಗ ದನ ಮೇಯುತ್ತವಲ್ಲ, ಅದು. ಬಫರ್ ಶುರುವಾಗುವುದೇ ಕೆರೆಯ ಎಲ್ಲೆ ಮುಗಿದ ಮೇಲೆ. ಅದು ಯಾರದೋ ಪಟ್ಟಾ ಜಮೀನಾಗಿರಬಹುದು. ಒಡೆತನ ಅವರದೇ, ಕಟ್ಟಡ ಮಾತ್ರ ಏಳಿಸುವಂತಿಲ್ಲ. ಅಲ್ಲಿ ‘ಮೀಸಲು’ ಅಂತ ಬರೆದರೆ ಸರ್ಕಾರ ಜಮೀನು ಕಿತ್ತುಕೊಂಡಿತು ಅಂತಲೇ ರೈತರು ಓದುವುದು, ಮಾರನೆ ದಿನ ಬೋರ್ಡೇ ಇರುವುದಿಲ್ಲ. ಇನ್ನು ಅಳತೆ. ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ-2015’ರಲ್ಲಿ (ಮಾಸ್ಟರ್ ಪ್ಲಾನ್) ಕೆರೆಗೆ 30 ಮೀಟರ್ ಬಫರ್ ಇತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಅಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಿಮ್ಮ ಯೋಜನಾ ಪ್ರಾಧಿಕಾರದಲ್ಲಿ ಈಗಿನ ಅಳತೆ ಕೇಳಿ, ಆಮೇಲೆ ಬಣ್ಣ ಕಲಸಿ.

ಹೆಚ್.ವಿ.:
ಸರಿ, ಅಂಗಳ ಬೇಡ. ಆದರೆ ಶುದ್ಧ ಕನ್ನಡದವರು ಗುಂಡುತೋಪನ್ನು ಹೇಗೆ ಬಿಟ್ಟುಕೊಂಡಿರಿ? ತೋಪು ತುರ್ಕಿಯಿಂದ ಬಂದ ಫಿರಂಗಿ, ಗುಂಡು ಅದರೊಳಗಿನದು. ದಂಡು ಇಳಿಯುತ್ತಿದ್ದ ಜಾಗ ಅದು. ನಾನಿದನ್ನು ಈ ಬಳಗದಲ್ಲಿ ಮೊದಲೂ ಹೇಳಿದ್ದೇನೆ.

ಆರ್.:
ಮೊದಲೂ ತಪ್ಪೇ ಹೇಳಿದ್ದಿರಿ. ಫಿರಂಗಿಯ ತೋಪು ತುರ್ಕಿಯದು. ಮಾವಿನ ತೋಪು ತಮಿಳಿನ ತೋಪ್ಪು, ತೆಲುಗಿನ ತೋಪುಗಳ ಬಳಗದ್ದು. ಉಲಿ ಒಂದೇ, ಬೇರು ಬೇರೆ. ಎಸ್.ಎನ್. ಅವರೆ, ಗುಂಡುತೋಪಿಗೆ ಬೇರೆ ಹೆಸರು ಹುಡುಕಬೇಡಿ. ಕಂದಾಯ ದಾಖಲೆಯಲ್ಲಿ ಆ ಹೆಸರೇ ಇರುತ್ತದೆ, ಒತ್ತುವರಿ ತಕರಾರು ಬಂದಾಗ ಕೈಹಿಡಿಯುವುದೂ ಅದೇ. ‘ರಮಣೀಯ’ ಅಂದರೆ ಹೋರ್ಡಿಂಗ್ ಹಾಕುವವನಿಗೂ ಖುಷಿ, ನಿಂತು ನೋಡುವ ಜನ ಸಿಗುತ್ತಾರೆ.

ಬಿ.ಕೆ.:
ಗುಂಡುತೋಪು ಇರಲಿ, ನೋಟದೆಡೆ ಹಿಂದಕ್ಕೆ. ಬಫರ್ ಮಾತ್ರ ಕೂಡದು.

ಹೆಚ್.ವಿ.:
ಜಮೀನು, ರಸ್ತೆ, ಖರಾಬು ಅಂತ ಹೊರಗಿನ ಪದ ಒಂದನ್ನೂ ಬಿಡದೆ ನುಂಗಿದವರಿಗೆ ಬಫರ್ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತೆ? ಮಹಾಪ್ರಾಣ ಕಿತ್ತು ‘ಬಾಶೆ’ ಬರೆಯುವವರ ಜತೆ ಭಾಷೆಯ ಚರ್ಚೆ ನನ್ನಿಂದಾಗದು.

ಬಿ.ಕೆ.:
ಹಳ್ಳಿಯಲ್ಲಿ ನೀವು ಆಡುವುದೂ ‘ಬಾಶೆ’ಯೇ.

ಎಸ್.ಎನ್.:
ದಯವಿಟ್ಟು ಅದನ್ನು ಬೇರೆ ಎಳೆಯಲ್ಲಿ ಮಾಡಿ. ಬಫರ್ ಅನ್ನೇ ಬಿಟ್ಟೆ. ಪೇಂಟರ್‌ಗೆ ಕೊಡುವುದು ಇದು:
‘ಕೆರೆ ಎಲ್ಲೆಯಿಂದ ___ ಮೀಟರ್‌ವರೆಗೆ ಕಟ್ಟಡ ಕಟ್ಟುವಂತಿಲ್ಲ.’
‘ಇದು ಊರ ಗುಂಡುತೋಪು. ಮರ ಕಡಿಯಬಾರದು, ಜಾಹೀರಾತು ನಿಲ್ಲಿಸಬಾರದು.’
ಅಳತೆ ನಾಳೆ ಬೆಳಿಗ್ಗೆ ಕಚೇರಿಯಲ್ಲಿ ಕೇಳಿ ತುಂಬುತ್ತೇನೆ. ‘ಎಲ್ಲೆ’ಗೆ ಯಾರ ತಕರಾರೂ ಇಲ್ಲ ತಾನೆ?

ಬಿ.ಕೆ.:
ಎಲ್ಲೆಗಿಲ್ಲ. ‘ತಕರಾರು’ ಅರಬ್ಬಿ.