ಅಪ್‌ಡೇಟ್: ಮನೆಯಲ್ಲೇ ಕೋವಿ ತೋಟಾ (ಕಾರ್ಟ್ರಿಜ್) ತುಂಬೋ ಸಾಮಾನು ಕೇಳಿದ್ದೆನಲ್ಲ, ಕೊನೆಗೆ ಆಗಿದ್ದು ಇಷ್ಟು

ಹೋದ ವಾರ ಇಲ್ಲಿ ಕೇಳಿದ್ದೆ: ಮೂಡಿಗೆರೆ ಕಡೆ ಕಾಫಿ ತೋಟ, ಅಜ್ಜನ ಕಾಲದ 12 ಬೋರಿನ ಜೋಡಿನಳಿಗೆ ಕೋವಿ, ಲೈಸೆನ್ಸ್ ನನ್ನ ಹೆಸರಲ್ಲೇ ಇದೆ, ಖಾಲಿ ತೋಟಾಗಳಿಗೆ ಮನೆಯಲ್ಲೇ ಮಸಿ (ಸಿಡಿಮದ್ದಿನ ಪುಡಿ), ಚರೆ (ಸಣ್ಣ ಗುಂಡು) ತುಂಬಲು ಮೊದಲಿಗೆ ಏನೇನು ಕೊಳ್ಳಬೇಕು ಅಂತ.

ಆ ಯೋಚನೆ ಬಿಟ್ಟೆ. "ಮೊದಲು ಕಾನೂನು ನೋಡು ಮಾರಾಯ" ಅಂದವರೇ ಸರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತೋಟಾ ತಯಾರಿಸಲು ಬೇರೆಯದೇ ಲೈಸೆನ್ಸ್ ಬೇಕು, ಕೋವಿ ಇಟ್ಟುಕೊಳ್ಳೋ ಲೈಸೆನ್ಸ್ ಸಾಲದು. ಅಮೆರಿಕದವರ ವಿಡಿಯೋ ನೋಡಿ ತೋಟಾ ತುಂಬೋ ಪ್ರೆಸ್ಸು, ತಕ್ಕಡಿ ಅಂತ ಉದ್ದ ಪಟ್ಟಿ ಬರೆದಿದ್ದೆ, ಬಚ್ಚಲೊಲೆಗೆ ಹೋಯ್ತು.

ಅದೇ ದುಡ್ಡಲ್ಲಿ ಕೋವಿ ತಿಕ್ಕುವ ಸಾಮಾನು ತಂದೆ. ಮೂರು ತುಂಡಿನ ಮರದ ಕೋಲು, ಕಂಚಿನ ತಂತಿಯ ಬ್ರಷ್, ಗನ್ ಆಯಿಲ್, ಅಷ್ಟೇ. ಬಟ್ಟೆಗೆ ಹಳೇ ಪಂಚೆ. ಬ್ರಷ್ ಹೇಳಿದವರಿಗೆ ದೊಡ್ಡ ನಮಸ್ಕಾರ. ಎಡ ನಳಿಗೆಯೊಳಗೆ ತುಕ್ಕು ಅಂದುಕೊಂಡಿದ್ದು ಸೀಸದ ಕೊಳೆ, ಹತ್ತು ಸಲ ಎಳೆದ ಮೇಲೆ ಬೆಳಕಿಗೆ ಹಿಡಿದರೆ ಕನ್ನಡಿ ತರಹ ಕಾಣಿಸ್ತು. ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚೋ ಸಲಹೆ ಮಾತ್ರ ಕೈಕೊಟ್ಟಿತು. ನಮ್ಮ ಚಳಿಗೆ ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿ ಕೋವಿಯ ಕುದುರೆ (ಟ್ರಿಗರ್) ಹತ್ರ ಬೆಳ್ಳಗೆ ಕೂತಿತ್ತು, ಒರೆಸಿ ತೆಗೆಯೋಕೆ ಅರ್ಧ ದಿನ ಹೋಯ್ತು.

ಗೊತ್ತಿಲ್ಲದೇ ಇದ್ದದ್ದು ಇನ್ನೊಂದು: ಮಳೆಗಾಲದಲ್ಲಿ ಕೋವಿಯನ್ನು ಚರ್ಮದ ಚೀಲದಲ್ಲೇ ಇಡಬಾರದಂತೆ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತೆ. ಅಜ್ಜ ಕೋವಿನ ಅಡುಗೆಮನೆ ಪಕ್ಕದ ಬೆಚ್ಚನೆ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕ್ತಿದ್ದದ್ದು ಸುಮ್ನೆ ಅಲ್ಲ! ಈಗ ನಾನೂ ಅಲ್ಲೇ ಇಟ್ಟಿದ್ದೇನೆ. ತೋಟಾ ಮಾತ್ರ ಲೈಸೆನ್ಸ್ ಇರೋ ಅಂಗಡಿಯಿಂದಲೇ.