ಪದಚರ್ಚೆ: ‘ಆಂಡ್ರೋಜಿನಿ’ಗೆ ಕನ್ನಡದಲ್ಲಿ ಏನು? (ತುರ್ತು)

ಮಿತ್ರರೇ, ಬಿಎ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ಒಂದು ಫಲಕ ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ವಿಷಯ, ಸ್ಯಾಂಡ್ರಾ ಬೆಮ್ 1974ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ. ಗಂಡಿಗೆ ಗಂಡುಗುಣ, ಹೆಣ್ಣಿಗೆ ಹೆಣ್ಣುಗುಣ ಇದ್ದರೇ ಮನಸ್ಸು ನೆಟ್ಟಗಿರುತ್ತದೆ ಅನ್ನುವ ನಂಬಿಕೆಯನ್ನು ಪ್ರಶ್ನಿಸಿದ ಸ್ತ್ರೀವಾದಿ ಅವರು. ಅದರಲ್ಲಿ 60 ಗುಣಗಳು: 20 ಗಂಡಿಗೆ ಒಪ್ಪುತ್ತವೆ ಎಂದು ಸಮಾಜ ಅಂದುಕೊಂಡದ್ದು, 20 ಹೆಣ್ಣಿಗೆ, ಉಳಿದ 20 ಯಾರಿಗಾದರೂ ಸೈ. ಪ್ರತಿಯೊಂದೂ ನಮಗೆಷ್ಟು ಹೊಂದುತ್ತದೆ ಎಂದು 1ರಿಂದ 7ರವರೆಗೆ ಅಂಕ ಕೊಟ್ಟುಕೊಳ್ಳಬೇಕು. ಎರಡೂ ಕಡೆ ಜಾಸ್ತಿ ಬಂದವರು ‘ಆಂಡ್ರೋಜಿನಸ್’. ನಿಘಂಟಿನ ‘ಉಭಯಲಿಂಗಿ’ ದಾಸವಾಳದ ಹೂವಿಗೆ ಸರಿ. ಇಲ್ಲಿ ಮೈಯ ಮಾತೇ ಇಲ್ಲ.

ಮರು:
ಅರ್ಧನಾರೀಶ್ವರತ್ವ. ಎಲ್ಲರಿಗೂ ಅರ್ಥವಾಗುತ್ತದೆ.

ಮರು:
ಅರ್ಥವಾಗುತ್ತದೆ, ತಪ್ಪಾಗಿ. ಬೆಮ್‌ಗಿಂತ ಮೊದಲಿನ ಪರೀಕ್ಷೆಗಳಲ್ಲಿ ಇದ್ದದ್ದು ಒಂದೇ ಗೆರೆ. ಒಂದು ತುದಿ ಗಂಡು, ಇನ್ನೊಂದು ತುದಿ ಹೆಣ್ಣು. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಬೆಮ್ ಎರಡು ಗೆರೆ ಎಳೆದರು. ಮುಂದಾಳುತನಕ್ಕೂ 7, ಮರುಕಕ್ಕೂ 7 ಕೊಟ್ಟುಕೊಳ್ಳಬಹುದು. ಎರಡೂ ಪೂರ್ತಿ ಇರುವಾಗ ಅರ್ಧ ಎಲ್ಲಿಂದ ಬಂತು? ‘ಗಂಡುಹೆಣ್ತನ’ ಅಂತ ಬರೆಯಿರಿ. ‘ತನ’ ನಮ್ಮದು. ಆ ‘ತ್ವ’ದ ಬಾಲ ಸಾಕು.

ಮರು:
‘ಆಂಡ್ರೋಜಿನಿ’ಯ ಗ್ರೀಕ್ ಮೂಲದಲ್ಲೂ ಮೊದಲು ಗಂಡು (ಆಂಡ್ರೋ), ಆಮೇಲೆ ಹೆಣ್ಣು (ಜಿನಿ). ಅಲ್ಲಿಗೆ ಸರಿಹೋಯಿತು. ಆದರೆ ಕನ್ನಡದಲ್ಲಿ ಈ ಜಾಗದಲ್ಲಿರುವುದೆಲ್ಲ ಬೈಗುಳ. ಜೋರಾಗಿ ಮಾತಾಡಿದವಳು ಗಂಡುಬೀರಿ, ಮೆತ್ತಗೆ ಮಾತಾಡಿದವನು ಹೆಣ್ಣಿಗ. ಮೆದುಮಾತು ಬೆಮ್ ಪಟ್ಟಿಯಲ್ಲೂ ಹೆಣ್ಣಿನ 20ರಲ್ಲೇ ಇದೆ, ನೋಡಿ. ‘ಗಂಡುಹೆಣ್ತನ’ ಓದಿದ ಹುಡುಗರು ಫಲಕದ ಮುಂದೆ ನಿಂತು ನಗುತ್ತಾರೆ, ಅಷ್ಟೇ.

ಮರು:
ನಗಲಿ. ಗಂಡುಬೀರಿ ಅಚ್ಚಗನ್ನಡ. ಹೊಗಳಿಕೆಯಾಗಿ ಬಳಸಿದರೆ ಬೈಗುಳ ತಾನಾಗಿ ಸಾಯುತ್ತದೆ.

ಮರು:
ಅಚ್ಚಗನ್ನಡವಂತೆ! ‘ಬೀರ’ ‘ವೀರ’ದ ತದ್ಭವ, ಸ್ವಾಮಿ. ಸಾಲ ಬೇಡ ಅನ್ನುವವರ ಮನೆಯ ಪಾತ್ರೆಯೆಲ್ಲ ಸಾಲದ್ದೇ. ಸುಮ್ನೆ ‘ಆಂಡ್ರೋಜಿನಿ’ ಅಂತಲೇ ಬರೆದು ಕೆಳಗೊಂದು ಸಾಲು ವಿವರಣೆ ಕೊಡಿ. ಇಂಗ್ಲಿಷಿನವರು ಗ್ರೀಕಿನಿಂದ ತರುವಾಗ ನಾಚಿಕೊಳ್ಳಲಿಲ್ಲ ಅಲ್ವಾ?

ಮರು:
ಬಸ್ಸು, ಟಿಕೆಟ್ಟು ಕೊಟ್ಟಾಯಿತು. ಇನ್ನು ಮನಸ್ಸನ್ನೂ ಇಂಗ್ಲಿಷಿಗೇ ಬರೆದುಕೊಡಿ.

ಮರು:
‘ಮನಸ್ಸು’ ಯಾವ ಊರಿನದು?

ಮರು:
ಎಲ್ಲರಿಗೂ ವಂದನೆ. ‘ಗಂಡುಹೆಣ್ತನ’ ಹಾಕಿದ್ದೇನೆ, ಪಕ್ಕದಲ್ಲಿ ಎರಡು ಗೆರೆಯ ಚಿತ್ರ. ಇನ್ನೊಂದು ಉಳಿದಿದೆ. ಎರಡರಲ್ಲೂ ಕಡಿಮೆ ಅಂಕ ಬಂದವರನ್ನು ‘ಅನ್‌ಡಿಫರೆನ್ಷಿಯೇಟೆಡ್’ ಅನ್ನುತ್ತಾರೆ. ಅದಕ್ಕೇನು ಬರೆಯಲಿ? ಫಲಕದಲ್ಲಿ ಜಾಗ ಕಡಿಮೆ.

ಮರು:
ಮೊದಲು ಆ ‘ಫಲಕ’ವನ್ನು ‘ಹಲಗೆ’ ಮಾಡಿ. ಆಮೇಲೆ ನೋಡೋಣ.