ಅಪ್ಪನ ಪೇಸ್‌ಮೇಕರ್ ಬಗ್ಗೆ ಪತ್ರ ಬಂದಿದೆ, ಅವರಿಗೆ ಹೇಳಬೇಕಾ?

ಪ್ರಶ್ನೆ (ಸಕಲೇಶಪುರದ ಸದಸ್ಯರು):
ನಮಸ್ಕಾರ ಡಾಕ್ಟ್ರೇ. ಅಪ್ಪನಿಗೆ 71 ವರ್ಷ. ನಾಲ್ಕು ವರ್ಷದ ಹಿಂದೆ ಬೆಂಗಳೂರಿನಲ್ಲಿ ಪೇಸ್‌ಮೇಕರ್ (ಹೃದಯದ ಬಡಿತ ಕಾಯುವ ಪುಟ್ಟ ಮಷಿನ್) ಹಾಕಿಸಿದ್ದೆವು. ಮೊನ್ನೆ ಆಸ್ಪತ್ರೆಯಿಂದ ಇಂಗ್ಲಿಷ್‌ನಲ್ಲಿ ಒಂದು ಪತ್ರ ಬಂತು. ಆ ಮಾಡೆಲ್‌ನ ಕೆಲವು ಮಷಿನ್‌ಗಳಲ್ಲಿ ಬ್ಯಾಟರಿ ಬೇಗ ಇಳಿಯಬಹುದಂತೆ, ಬಂದು ಚೆಕ್ ಮಾಡಿಸಬೇಕಂತೆ. ಅಪ್ಪನದು ಮೊದಲೇ ಗಾಬರಿ ಸ್ವಭಾವ. ಹೇಳಿದರೆ ರಾತ್ರಿಯೆಲ್ಲಾ ನಿದ್ದೆ ಮಾಡಲ್ಲ. ಪತ್ರ ಬೀರುವಿನಲ್ಲಿಟ್ಟಿದ್ದೀನಿ. ಸುಮ್ನೆ ವರ್ಷದ ಚೆಕಪ್ ಅಂತ ಹೇಳಿ ಕರ್ಕೊಂಡು ಹೋಗಲಾ? ಮಷಿನ್ ಬದಲಾಯಿಸಲೇಬೇಕಾ?

ಉತ್ತರ (ಹೃದ್ರೋಗ ತಜ್ಞರು, ಹಾಸನ):
ಹೇಳಿ. ಇವತ್ತೇ ಹೇಳಿ. ಬ್ಯಾಟರಿ ಇಳಿದರೆ ಮೊದಲು ಗೊತ್ತಾಗುವುದು ಅಪ್ಪನಿಗೇ ಅಲ್ವಾ? ತಲೆ ಸುತ್ತುತ್ತದೆ, ಕಣ್ಣು ಕತ್ತಲೆ ಬರುತ್ತದೆ, ನಾಲ್ಕು ಹೆಜ್ಜೆಗೆ ಸುಸ್ತಾಗುತ್ತದೆ. ವಿಷಯ ಗೊತ್ತಿಲ್ಲದಿದ್ದರೆ ಪಿತ್ತ ಅಂದುಕೊಂಡು ಶುಂಠಿ ಕಷಾಯ ಕುಡಿದು ಮಲಗುತ್ತಾರೆ.

ಹೇಗೆ ಹೇಳುತ್ತೀರಿ ಅನ್ನುವುದು ಮುಖ್ಯ. ‘ಮಷಿನ್ ಕೆಟ್ಟಿದೆಯಂತೆ’ ಅನ್ನಬೇಡಿ, ಪತ್ರದಲ್ಲಿ ಹಾಗಿಲ್ಲ. ‘ಗಾಬರಿ ಆಗಬೇಡಿ’ ಅಂತಲೂ ಶುರು ಮಾಡಬೇಡಿ, ಅಲ್ಲಿಂದಲೇ ಗಾಬರಿ ಶುರುವಾಗುತ್ತದೆ. ನಾನಾದರೆ ಹೀಗೆ ಹೇಳುತ್ತೇನೆ: ‘ಅಪ್ಪಾ, ನಿಮ್ಮ ಮಷಿನ್ ಜೊತೆ ತಯಾರಾದ ಕೆಲವದರಲ್ಲಿ ಬ್ಯಾಟರಿ ಬೇಗ ಖಾಲಿಯಾಗಿದೆ. ನಿಮ್ಮದು ಹೇಗಿದೆ ಅಂತ ನೋಡಬೇಕು. ಸೂಜಿ ಇಲ್ಲ, ಕುಯ್ಯೋದಿಲ್ಲ. ಅಲ್ಲಿಯವರೆಗೆ ತಲೆ ಸುತ್ತಿದರೆ ತಕ್ಷಣ ನಂಗೆ ಹೇಳಿ.’ ಇಷ್ಟಾದ ಮೇಲೆ ಸುಮ್ಮನಿರಿ, ಅವರು ಕೇಳಲಿ. ಕೊನೆಗೆ ‘ಇದನ್ನು ಅಮ್ಮನಿಗೆ ನೀವೇ ಹೇಳಿ’ ಅನ್ನಿ. ಅವರು ಹೇಳುವಾಗ ಕಿವಿಗೊಡಿ, ಎಷ್ಟು ಅರ್ಥವಾಗಿದೆ ಅಂತ ಗೊತ್ತಾಗುತ್ತದೆ.

ಬದಲಾಯಿಸುವ ಮಾತು: ಇಂಥ ಪತ್ರ ಬಂದ ಎಲ್ಲರಿಗೂ ಬದಲಾಯಿಸುವುದಿಲ್ಲ. ಮತ್ತೆ ಚರ್ಮ ಬಿಚ್ಚಿದರೆ ಸೋಂಕಿನ ಭಯ ಇದೆ. ಸಾಮಾನ್ಯವಾಗಿ ಪೇಸ್‌ಮೇಕರ್ ಬ್ಯಾಟರಿ ಮುಗಿಯುವ ಸುಮಾರು ಮೂರು ತಿಂಗಳು ಮೊದಲೇ ಸೂಚನೆ ಕೊಡುತ್ತದೆ. ಈ ಮಾಡೆಲ್‌ನಲ್ಲಿ ಆ ಸೂಚನೆ ಸಿಗುತ್ತದಾ ಅಂತ ಕೇಳಿ. ಜೊತೆಗೆ ಅಪ್ಪನ ಹೃದಯ ಪೂರ್ತಿ ಮಷಿನ್ ಮೇಲೇ ನಡೆಯುತ್ತಿದೆಯಾ ಅಂತಲೂ ಕೇಳಿ. ಪೂರ್ತಿ ಅದರ ಮೇಲೇ ಇದ್ದರೆ ಲೆಕ್ಕಾಚಾರ ಬೇರೆ. ಎಚ್ಚರ ತಪ್ಪಿ ಬಿದ್ದರೆ ಚೆಕಪ್ ದಿನಕ್ಕೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇಂಗ್ಲಿಷ್ ಪತ್ರದ ಬಗ್ಗೆ ನನಗೂ ಬೇಜಾರಿದೆ. ಅಂಚೆಗೆ ಹಾಕಿದರೆ ತಿಳಿಸಿದ ಹಾಗಾಯ್ತು ಅಂತ ನಮ್ಮವರಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಕನ್ನಡದಲ್ಲಿ ಹತ್ತು ಸಾಲು ಬರೆಯುವುದಕ್ಕೆ ಏನು ಕಷ್ಟ?

ಪ್ರಶ್ನೆ (ಮೂಡಿಗೆರೆಯ ಸದಸ್ಯರು):
ನಮ್ಮತ್ತೆಗೂ ಪೇಸ್‌ಮೇಕರ್ ಇದೆ. ಮನೆ ಬದಲಾಯಿಸಿದ್ದೀವಿ, ನಂಬರೂ ಬೇರೆ. ನಮಗೆ ಪತ್ರ ಬಂದಿದ್ದರೂ ಗೊತ್ತಾಗ್ತಿರಲಿಲ್ಲ.

ಉತ್ತರ:
ಇದೇ ದೊಡ್ಡ ತೊಂದರೆ. 2010ರಲ್ಲಿ ಒಂದು ಬಗೆಯ ಕೃತಕ ಸೊಂಟದ ಕೀಲನ್ನು ಕಂಪನಿ ವಾಪಸ್ ಕರೆಯಿತು. ನಮ್ಮ ದೇಶದಲ್ಲಿ ಸುಮಾರು 4,700 ಜನಕ್ಕೆ ಅದನ್ನು ಹಾಕಲಾಗಿತ್ತು. ಅದರಲ್ಲಿ ಬಹುಪಾಲು ಜನ ಎಲ್ಲಿದ್ದಾರೆ ಅಂತಲೇ ಆಮೇಲೆ ಪತ್ತೆಯಾಗಲಿಲ್ಲ. ಹಾಕಿದ ಆಸ್ಪತ್ರೆಗೆ ಹೊಸ ನಂಬರ್ ಕೊಡಿ. ಪೇಸ್‌ಮೇಕರ್ ಕಾರ್ಡ್‌ನಲ್ಲಿ ಮಷಿನ್ನಿನದೂ ಅದರಿಂದ ಹೃದಯಕ್ಕೆ ಹೋಗುವ ತಂತಿಗಳದೂ ಮಾಡೆಲ್ ಮತ್ತು ಸೀರಿಯಲ್ ನಂಬರ್ ಇರುತ್ತದೆ. ಅದರ ಫೋಟೋ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ. ಎಂಆರ್‌ಐ ಮಾಡುವವರೂ ಮೊದಲು ಅದನ್ನೇ ಕೇಳುತ್ತಾರೆ. ಮಷಿನ್ ಎಂಆರ್‌ಐಗೆ ಒಗ್ಗುವಂಥದ್ದಾದರೆ ಸಾಲದು, ತಂತಿಯೂ ಒಗ್ಗಬೇಕು.

ಪ್ರಶ್ನೆ (ಅರಸೀಕೆರೆಯ ಸದಸ್ಯರು):
ಕೇಳಬಾರದು, ಆದ್ರೂ ಕೇಳ್ತೀನಿ. ತೀರಿಕೊಂಡ ಮೇಲೆ ಅದನ್ನು ತೆಗೆಸಬೇಕಾ?

ಉತ್ತರ:
ಕೇಳಲೇಬೇಕಾದ ಪ್ರಶ್ನೆ. ಸುಡುವುದಾದರೆ ತೆಗೆಸಲೇಬೇಕು, ಬೆಂಕಿಗೆ ಬ್ಯಾಟರಿ ಸಿಡಿಯುತ್ತದೆ. ಆಸ್ಪತ್ರೆಯಲ್ಲಿ ತೆಗೆದುಕೊಡುತ್ತಾರೆ. ತಂತಿ ಒಳಗೇ ಇದ್ದರೂ ಪರವಾಗಿಲ್ಲ. ಇದನ್ನು ಮನೆಯಲ್ಲಿ ಒಬ್ಬರಿಗಾದರೂ ಮೊದಲೇ ಹೇಳಿಡಿ.

ಸಕಲೇಶಪುರದ ಸದಸ್ಯರು:
ಡಾಕ್ಟ್ರೇ, ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಬ್ಯಾಟರಿ ವಿಷಯ ಇರಲಿ, ಆನೆಗೆ ಹಾಕಿರೋ ಸೋಲಾರ್ ಬೇಲಿ ಹತ್ರ ಹೋಗಬಹುದಾ ಕೇಳು’ ಅಂದರು. ನಾಲ್ಕು ವರ್ಷದಿಂದ ಆ ಕಡೆ ಹೋಗ್ತಾನೇ ಇರಲಿಲ್ಲವಂತೆ! ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಉತ್ತರ:
ನೋಡಿದ್ರಾ, ಅವರ ಭಯ ಬೇರೆ ಕಡೆ ಇತ್ತು. ಬೇಲಿ ಪಕ್ಕ ಓಡಾಡಬಹುದು, ಮುಟ್ಟುವ ಹಾಗಿಲ್ಲ. ಸರಿಮಾಡುವಾಗ ಮೇನ್ ಆಫ್ ಮಾಡಿಸಿ, ತಂತಿಗೆ ಬೇರೆಯವರು ಕೈ ಹಾಕಲಿ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡುವಾಗ ಮೋಟಾರಿಗೆ ಎದೆ ಆನಿಸಿ ಬಗ್ಗುವುದು ಬೇಡ, ದೂರ ನಿಂತು ನೋಡಬಹುದು. ವೆಲ್ಡಿಂಗ್ ಬೇಡವೇ ಬೇಡ. ಫೋನ್ ಮಷಿನ್ನಿಂದ 15 ಸೆಂಟಿಮೀಟರ್ ದೂರ ಇರಲಿ. ಎಡಕ್ಕೆ ಹಾಕಿದ್ದರೆ ಬಲಗಿವಿಗೆ ಹಿಡಿಯಲಿ, ಅಂಗಿ ಜೇಬಿಗೆ ಹಾಕುವುದು ಬೇಡ. ಮರಗಸಿಗೆ (ತೋಟದ ನೆರಳಿನ ಮರದ ಕೊಂಬೆ ಕಡಿಯುವುದಕ್ಕೆ) ಏಣಿ ಹತ್ತುತ್ತೇನೆ ಅಂದರೆ ತಡೆಯಿರಿ, ಅದು ಪೇಸ್‌ಮೇಕರ್ ವಿಷಯವಲ್ಲ, 71ರ ವಿಷಯ.

ಚೆಕಪ್‌ಗೆ ಪತ್ರ, ಕಾರ್ಡ್, ಮಾತ್ರೆ ಚೀಟಿ ಮೂರೂ ತೆಗೆದುಕೊಂಡು ಹೋಗಿ. ಡಾಕ್ಟರು ನಿಮ್ಮ ಜೊತೆ ಮಾತ್ರ ಮಾತಾಡಿದರೆ, ಅಪ್ಪನಿಗೂ ಒಮ್ಮೆ ಹೇಳಿ ಸಾರ್ ಅನ್ನಿ.